ಮುಖ ಕಾಣಲೇಬೇಕು ಅಂತೇನಿಲ್ಲ

ಓದುಗರ ಪತ್ರ: ನನಗೆ 16 ವರ್ಷ, ಪಿಯುಸಿ ಮೊದಲ ವರ್ಷ. ದಿನಾ ಸೆಲ್ಫಿ ತೆಗೀತೀನಿ. ಎಲ್ಲದರಲ್ಲೂ ಅದೇ ನಗು, ಅದೇ ಓರೆ ತಲೆ. ಚೆನ್ನಾಗೇ ಬರುತ್ತೆ, ಆದ್ರೆ ಅದು ನಾನಲ್ಲ ಅನ್ನಿಸುತ್ತೆ. ನನ್ನದು ಅನ್ನಿಸೋ ಫೋಟೊ ತೆಗೆಯೋದು ಹೇಗೆ? ಇದೆಲ್ಲ ಈ ಕಾಲದ ಶೋಕಿ ಅಂತ ಅಮ್ಮ ಬೈತಾರೆ. ಮೂರು ಫೋಟೊ ಕಳಿಸಿದ್ದೀನಿ. ಮೂರನೆಯದು ಕೆಟ್ಟುಹೋಗಿದೆ, ನೋಡಬೇಡಿ. (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ನೋಡಬೇಡಿ ಅಂದ ಮೇಲೆ ಮೊದಲು ನೋಡಿದ್ದೇ ಮೂರನೆಯದನ್ನು. ಬೇಜಾರಾಗಬೇಡ. ನನ್ನ ಮಗಳಿಗಿಂತ ಚಿಕ್ಕವಳು ನೀನು, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ಮೊದಲ ಎರಡು ಕೈ ಚಾಚಿ ತೆಗೆದವು. ಕಣ್ಣು, ತುಟಿ, ಕೂದಲು ಎಲ್ಲ ಅಚ್ಚುಕಟ್ಟು. ಚರ್ಮ ಮಾತ್ರ ಈಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗಿದೆ, ಅದು ಫೋನಿನ ಕೆಲಸ. ಮೂರನೆಯದರಲ್ಲಿ ಎಲ್ಲೋ ಒರಗಿಸಿಟ್ಟ ಫೋನು ಜಾರಿದೆ. ಅದನ್ನು ಹಿಡಿಯಲು ನೀನು ಓಡಿ ಬರುತ್ತಿದ್ದೀಯ. ಜಡೆ ಗಾಳಿಯಲ್ಲಿದೆ, ಬಾಯಿ ಅರ್ಧ ತೆರೆದಿದೆ, ಒಂದು ಕೈ ಪೂರ್ತಿ ಮಸುಕು. ಹಿಂದೆ ತಂತಿಯ ಮೇಲೆ ಕಾಲೇಜಿನ ಯೂನಿಫಾರ್ಮು ಒಂದೇ ಕ್ಲಿಪ್ಪಿನಲ್ಲಿ ನೇತಾಡುತ್ತಿದೆ. ನಿನ್ನನ್ನು ನಾನು ಕಂಡವನಲ್ಲ. ಆದರೂ ಈ ಹುಡುಗಿ ಯಾರು ಅಂತ ಸ್ವಲ್ಪ ಗೊತ್ತಾಯಿತು.

ಮೊದಲು ಅಮ್ಮನ ಮಾತು. ಶೋಕಿಯೋ ಅಲ್ಲವೋ ಬಿಡು, ಈ ಕಾಲದ್ದಂತೂ ಅಲ್ಲ. 1839ರಲ್ಲೇ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಅನ್ನುವವನು ತನ್ನ ಫೋಟೊ ತಾನೇ ತೆಗೆದುಕೊಂಡ. ಅವನ ಮನೆಯವರದು ದೀಪದ ವ್ಯಾಪಾರ. ಕ್ಯಾಮೆರಾ ನಿಲ್ಲಿಸಿ, ಲೆನ್ಸಿನ ಮುಚ್ಚಳ ತೆಗೆದು, ಓಡಿ ಹೋಗಿ ಅದರ ಮುಂದೆ ಬಂದನಂತೆ. ಕೆದರಿದ ತಲೆ, ಕಟ್ಟಿದ ಕೈ. ನಡುವಿನಲ್ಲೂ ಇಲ್ಲ, ಒಂದು ಪಕ್ಕಕ್ಕೆ ಸರಿದಿದ್ದಾನೆ. ಇವತ್ತಿನವರಾಗಿದ್ದರೆ ಡಿಲೀಟ್ ಮಾಡುತ್ತಿದ್ದರು. ನಮ್ಮ ದೇಶದ್ದೇ ಬೇಕಾ? ಸುಮಾರು 1880ರಲ್ಲಿ ತ್ರಿಪುರಾದ ಮಹಾರಾಜ ಬೀರಚಂದ್ರ ಮಾಣಿಕ್ಯ ರಾಣಿ ಮನಮೋಹಿನಿಯ ಜೊತೆ ಕೂತು, ದೂರದ ಕ್ಯಾಮೆರಾವನ್ನು ಉದ್ದ ತಂತಿಯಿಂದ ತಾನೇ ನಡೆಸಿ ಫೋಟೊ ತೆಗೆದ. ಅಮ್ಮನಿಗೆ ಇದನ್ನು ಹೇಳು. ಬೈಗುಳ ನಿಲ್ಲುತ್ತದೆ ಅಂತ ನಾನು ಗ್ಯಾರಂಟಿ ಕೊಡಲಾರೆ.

ಆದರೆ ನಿನಗೆ ಹೇಳಬೇಕಾದ್ದು ಫ್ರಾನ್ಸೆಸ್ಕಾ ವುಡ್‌ಮನ್ ವಿಷಯ. ಅವಳೂ ಅಮೆರಿಕದವಳೇ, 1958ರಲ್ಲಿ ಹುಟ್ಟಿದವಳು. 13ನೇ ವಯಸ್ಸಿನಲ್ಲಿ ತೆಗೆದುಕೊಂಡ ಅವಳದೊಂದು ಕಪ್ಪುಬಿಳುಪು ಫೋಟೊ ಇದೆ. ದಪ್ಪ ಸ್ವೆಟರ್ ಹಾಕಿ ಕೂತಿದ್ದಾಳೆ. ತಲೆಯನ್ನು ಪೂರ್ತಿ ಆಚೆ ತಿರುಗಿಸಿದ್ದಾಳೆ, ಕೂದಲು ಮುಖ ಮುಚ್ಚಿದೆ. ಕ್ಯಾಮೆರಾ ಒತ್ತುವ ಕೇಬಲ್ ಅವಳ ಕೈಯಿಂದ ನಮ್ಮ ಕಡೆಗೇ ಬರುತ್ತಾ ದಪ್ಪಗೆ ಮಸುಕಾಗಿ ಚಿತ್ರವನ್ನು ಸೀಳಿದೆ. ಕಣ್ಣಿಲ್ಲ, ಮೂಗಿಲ್ಲ, ನಗು ಇಲ್ಲ. ನನ್ನನ್ನು ನೋಡಬೇಡಿ ಅನ್ನುತ್ತಲೇ ಗುಂಡಿ ಒತ್ತಿದ್ದಾಳೆ! ಆ ವಯಸ್ಸಿನ ಮನಸ್ಸು ಹಾಗೇ ಅಲ್ವಾ? ನಿನ್ನ ಪತ್ರದ ಕೊನೆಯ ಸಾಲೂ ಅದೇ.

ನಿನ್ನ ಓರೆ ತಲೆಯ ವಿಷಯ ಓದಿದಾಗ ನೆನಪಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗೆ ಫೋಟೊ ತೆಗೆಸಲು ಹೋಗಿದ್ದೆ. ಸ್ಟುಡಿಯೋದವರು ನನ್ನ ಗದ್ದ ಹಿಡಿದು ತಿರುಗಿಸಿ, "ಉಸಿರು ಬಿಡಬೇಡ" ಅಂದರು. ಆ ಫೋಟೊದಲ್ಲಿ ಇರುವವನು ನಾನಲ್ಲ, ಉಸಿರು ಕಟ್ಟಿ ಕೂತ ಯಾರೋ ಹುಡುಗ. ನಿನ್ನ ಗದ್ದವನ್ನು ಈಗ ನೀನೇ ಹಿಡಿದು ತಿರುಗಿಸುತ್ತಿದ್ದೀಯ, ಅಷ್ಟೇ ವ್ಯತ್ಯಾಸ.

ಹಾಗಾದರೆ ಏನು ಮಾಡೋದು? ಫೋನನ್ನು ಕೈಯಿಂದ ಬಿಡು. ಕೈಯಳತೆಯಲ್ಲಿ ಹಿಡಿದಾಗ ಕಿವಿಗಿಂತ ಮೂಗು ಲೆನ್ಸಿಗೆ ತೀರಾ ಹತ್ತಿರ ಇರುತ್ತದೆ, ಅದಕ್ಕೇ ದಪ್ಪ ಕಾಣೋದು. ಮೂಗಿನ ತಪ್ಪಲ್ಲ. ಐದಾರು ಅಡಿ ದೂರದಲ್ಲಿ ಯಾವುದಾದರೂ ಡಬ್ಬಿಗೆ ಒರಗಿಸಿಡು, ಕೆಳಗೆ ಮಡಚಿದ ಬಟ್ಟೆ ಕೊಟ್ಟರೆ ಈ ಸಲ ಜಾರುವುದಿಲ್ಲ. ಹಿಂದಿನ ಕ್ಯಾಮೆರಾ ಬಳಸು. ಅದು ಸಾಮಾನ್ಯವಾಗಿ ಮುಂದಿನದಕ್ಕಿಂತ ಚೆನ್ನಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪರದೆ ಆ ಕಡೆ ಇರುವುದರಿಂದ ನಿನ್ನ ಮುಖ ನಿನಗೆ ಕಾಣುವುದಿಲ್ಲ. ಕಾಣದಿದ್ದರೆ ತಿದ್ದುವುದೂ ಇಲ್ಲ. ಚರ್ಮ ನುಣುಪು ಮಾಡುವ ಬ್ಯೂಟಿ ಅನ್ನುವುದನ್ನು ಆಫ್ ಮಾಡು. ಟೈಮರ್ 10 ಸೆಕೆಂಡಿಗೆ ಇಡು.

ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಪಕ್ಕ ಕೂರು. ಬೆಳಕು ಒಂದೇ ಕಡೆಯಿಂದ ಬರಲಿ, ಇನ್ನರ್ಧ ಮುಖ ಕತ್ತಲಲ್ಲಿದ್ದರೆ ಇರಲಿ. ಆಮೇಲೆ ಪೋಸ್ ಕೊಡಬೇಡ, ಏನಾದರೂ ಕೆಲಸ ಮಾಡು. ಎಣ್ಣೆ ಹಚ್ಚಿದ ಕೂದಲಿನ ಸಿಕ್ಕು ಬಿಡಿಸು, ಅವರೆಕಾಳು ಬಿಡಿಸು, ಸಿಟ್ಟು ಬಂದಿದ್ದರೆ ಸುಮ್ನೆ ಗೋಡೆಗೆ ಒರಗಿ ಕೂರು. ಸಂಜೆ ಬೆಳಕು ಕಮ್ಮಿಯಾದಾಗ ಒಂದು ಫೋಟೊ ತೆಗೆಯಲು ಫೋನು ತಾನಾಗೇ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆಗ ತಲೆ ತಿರುಗಿಸಿದರೆ ಮುಖ ನೀರಿನ ಹಾಗೆ ಹರಡುತ್ತದೆ. ಹಾಗೆ ಹತ್ತು ತೆಗೆದರೆ ಒಂಬತ್ತು ಕೆಡುತ್ತವೆ, ಕೆಡಲಿ. ಮುಖವೇ ಬೇಡ ಅನ್ನಿಸಿದ ದಿನ ಕೈ ತೆಗೆ, ನೆರಳು ತೆಗೆ, ಪರೀಕ್ಷೆ ದಿನದ ಕಚ್ಚಿದ ಉಗುರು ತೆಗೆ. ಅದೂ ನೀನೇ ತಾನೆ? ಆ ದಿನವೇ ನೋಡಲು ಹೋಗಬೇಡ. ವಾರ ಬಿಟ್ಟು ನೋಡಿದರೆ, ಆಗ ಕೆಟ್ಟದ್ದು ಅನ್ನಿಸಿದ್ದರಲ್ಲೇ ಒಂದೆರಡು ಉಳಿದುಕೊಳ್ಳುತ್ತವೆ.

ಇನ್ನೊಂದು ವಿಷಯ, ಅಪ್ಪನ ದನಿಯಲ್ಲಿ ಹೇಳುತ್ತಿದ್ದೇನೆ. ತೆಗೆದದ್ದನ್ನೆಲ್ಲ ಹಾಕಬೇಕಾಗಿಲ್ಲ. ನಿನ್ನ ಮೂರನೆಯ ಫೋಟೊವನ್ನು ಈ ಪುಟದಲ್ಲಿ ಅಚ್ಚು ಹಾಕುವ ಆಸೆ ನನಗಿತ್ತು. ಆದರೆ ದೊಡ್ಡದು ಮಾಡಿದಾಗ ಆ ಯೂನಿಫಾರ್ಮಿನ ಜೇಬಿನ ಮೇಲೆ ಕಾಲೇಜಿನ ಹೆಸರು ಓದಲು ಬಂತು. ನೀನು ಹೆಸರು ಬೇಡ ಅಂದಿದ್ದೀಯ, ಅಮ್ಮನನ್ನು ನಾವು ಕೇಳಿಲ್ಲ. ಹಾಗಾಗಿ ಬಿಟ್ಟೆವು. ಬೇರೆಲ್ಲಿಗಾದರೂ ಹಾಕುವ ಮುಂಚೆ ನೀನೂ ಹೀಗೇ ಹಿನ್ನೆಲೆಯನ್ನು ದೊಡ್ಡದು ಮಾಡಿ ನೋಡು.

ಅಂದಹಾಗೆ, ಅದನ್ನು ಡಿಲೀಟ್ ಮಾಡಿಲ್ಲ ತಾನೆ? ಮಾಡಿದ್ದರೆ ತಿಳಿಸು, ನಮ್ಮ ಹತ್ತಿರ ಇದೆ, ವಾಪಸ್ ಕಳಿಸುತ್ತೇನೆ.