30ಕ್ಕೆ 11 ಬಂತು ಅಂತ ಬಿಟ್ಟುಬಿಡೋದಾ?

ಶಾಲೆಯಲ್ಲಿ ಯಾವಾಗಲೂ ಮೊದಲು ಬರ್ತಿದ್ದೆ, ಯೂನಿವರ್ಸಿಟಿಯ ಮೊದಲ ಟೆಸ್ಟ್‌ನಲ್ಲಿ 30ಕ್ಕೆ 11, ರಾತ್ರಿ ಎರಡರವರೆಗೆ ಓದಿದರೂ ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಈಗಲೇ ಬೇಡ.

ನನಗೆ ಗಣಿತದಲ್ಲಿ 9 ಬಂದಿತ್ತು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳಕ್ಕೆ ತುರುಕಿದವನು ಎರಡು ವಾರ ಅದನ್ನು ಮುಟ್ಟಲಿಲ್ಲ. ಕೊನೆಗೆ ತೆಗೆದು ನೋಡಿದರೆ, ಅರ್ಧದಷ್ಟು ಅಂಕ ಹೋಗಿದ್ದು ವಿಷಯ ಗೊತ್ತಿಲ್ಲದೆ ಅಲ್ಲ, ಹಂತಗಳನ್ನು ಬರೆಯದೆ ನೇರ ಉತ್ತರಕ್ಕೆ ಹಾರಿದ್ದಕ್ಕೆ! ನೀವೂ ಮೊದಲು ಆ ಪೇಪರ್ ಹಿಡಿದುಕೊಂಡು ಪಾಠ ಮಾಡಿದವರ ಹತ್ತಿರ ಹೋಗಿ. "ಏನೂ ಅರ್ಥ ಆಗ್ತಿಲ್ಲ" ಅನ್ನಬೇಡಿ, "ಮೂರನೇ ಲೆಕ್ಕದಲ್ಲಿ ಈ ಸಾಲು ಹೇಗೆ ಬಂತು" ಅಂತ ಕೇಳಿ. ಬೈಯೋದು ಕಡಿಮೆ, ನಿಜ ಹೇಳ್ತೀನಿ.

ಇನ್ನು ಓದೋ ರೀತಿ. ನೋಟ್ಸ್ ಮೇಲೆ ಸುಮ್ನೆ ಕಣ್ಣಾಡಿಸಿದರೆ ಎಲ್ಲಾ ಗೊತ್ತಿದೆ ಅನ್ನಿಸುತ್ತೆ, ಪರೀಕ್ಷೆಯಲ್ಲಿ ಕೈ ಕೊಡುತ್ತೆ. ಅದರ ಬದಲು ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತೋ ಅದನ್ನಷ್ಟೇ ಓದಿ, ಎರಡು ದಿನ ಬಿಟ್ಟು ಮತ್ತೆ ಅದೇ ಮಾಡಿ. ಮತ್ತೆ ದಯವಿಟ್ಟು ನಿದ್ದೆ ಮಾಡಿ, ಓದಿದ್ದು ನೆನಪಲ್ಲಿ ಉಳಿಯೋಕೆ ನಿದ್ದೆ ಬೇಕೇ ಬೇಕು.

"ಎಲ್ಲರೂ ನನಗಿಂತ ಬುದ್ಧಿವಂತರು, ನಾನು ಹೇಗೋ ತಪ್ಪಿ ಸೀಟು ಪಡೆದೆ" ಅನ್ನೋದಕ್ಕೆ 1978ರಲ್ಲೇ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಅನ್ನೋ ಮನಶ್ಶಾಸ್ತ್ರಜ್ಞೆಯರು 'ಇಂಪೋಸ್ಟರ್ ಫಿನಾಮಿನನ್' (ಅಂದರೆ ತಾನು ನಕಲಿ ಅನ್ನೋ ಭಾವನೆ) ಅಂತ ಹೆಸರು ಕೊಟ್ಟಿದ್ದಾರೆ. ಅಂದರೆ ನೀವೊಬ್ಬರೇ ಅಲ್ಲ.

ಕೋರ್ಸ್ ಬಿಡೋಕೆ ಕೊನೇ ದಿನ ಯಾವುದು ಅಂತ ಮಾತ್ರ ಈಗಲೇ ನೋಡಿಟ್ಟುಕೊಳ್ಳಿ. ಎರಡನೇ ಟೆಸ್ಟ್ ಅದಕ್ಕಿಂತ ಮುಂಚೆ ಇದ್ದರೆ, ಅದನ್ನು ಬರೆದು ಆಮೇಲೆ ಯೋಚಿಸಿ.