ಎರಡು ಮಿಲಿಮೀಟರ್ ಇರುವೆಯ ಹೆಸರು ಕೇಳುವವರಿಗೆ

ಪ್ರಶ್ನೆ: ಉಷ್ಣವಲಯದ ಕಾಡಿನಲ್ಲಿ ತರಗೆಲೆಯಡಿ ಎರಡು ಮಿಲಿಮೀಟರ್ ಉದ್ದದ ಕಂದು ಇರುವೆ ಸಿಕ್ಕಿತು. ತಲೆ ಹೃದಯದ ಆಕಾರದಲ್ಲಿದೆ. ಮೊಬೈಲ್ ಆ್ಯಪ್ ಪ್ರಭೇದದ ಹೆಸರನ್ನೇ ಕೊಟ್ಟಿತು. ಅದು ಸರಿಯೇ?

ಉತ್ತರ: ಸರಿ ಎನ್ನಲು ಆಧಾರವೇ ಇಲ್ಲ. ಇದೇ ಪ್ರಶ್ನೆ, ಇಂಥದೇ ಮಸುಕು ಚಿತ್ರ ಪದೇ ಪದೇ ಬರುತ್ತಿವೆ. ಮೇಲಿನಿಂದ ತೆಗೆದ ಒಂದೇ ಚಿತ್ರ ನೋಡಿ ಪ್ರಭೇದ ಹೇಳುವವರನ್ನು, ಅದು ಆ್ಯಪ್ ಇರಲಿ, ಸ್ವಯಂಘೋಷಿತ ಪಂಡಿತರಿರಲಿ, ನಂಬಬೇಡಿ. ನಿಮ್ಮದು ಸ್ಟ್ರುಮಿಜೆನಿಸ್ ಕುಲದ್ದಿರಬಹುದು. ಆ ಕುಲದಲ್ಲಿ 800ಕ್ಕೂ ಹೆಚ್ಚು ಪ್ರಭೇದಗಳಿವೆ. ಪುಟ್ಟ ಗಾತ್ರ, ಕಂದು ಬಣ್ಣ ಅವುಗಳಲ್ಲಿ ತೀರಾ ಸಾಮಾನ್ಯ. ಸಾಲದೆಂಬಂತೆ, ಆಗಷ್ಟೇ ಕೋಶದಿಂದ, ಅಂದರೆ ಮರಿಹುಳು ಇರುವೆಯಾಗಿ ಬದಲಾಗುವ ಹಂತದಿಂದ, ಹೊರಬಂದ ಇರುವೆ ಪೇಲವವಾಗಿರುತ್ತದೆ. ಬಣ್ಣ ಹಿಡಿದು ಹೆಸರಿಡುವುದನ್ನು ಬಿಡಿ.

ಮೊದಲು ಕುಲ ಖಚಿತವಾಗಲಿ. ಸೂಕ್ಷ್ಮದರ್ಶಕದಡಿ ಪಕ್ಕದಿಂದ ನೋಡಿ. ಸೊಂಟದಲ್ಲಿ ಎರಡು ಗಂಟುಗಳಿರಬೇಕು. ಹೆಚ್ಚಿನ ಪ್ರಭೇದಗಳಲ್ಲಿ ಆ ಗಂಟುಗಳಿಗೆ ಅಂಟಿಕೊಂಡು ಸ್ಪಂಜಿನಂಥ ತಿಳಿಬಣ್ಣದ ಅಂಗಾಂಶ ಕಾಣುತ್ತದೆ. ಕುಡಿಮೀಸೆಯ ಖಂಡಗಳನ್ನು ಎಣಿಸಿ: ಬಹಳಷ್ಟು ಕುಲಗಳ ಕೆಲಸಗಾರ ಇರುವೆಗಳಲ್ಲಿ ಅವು 12, ಇಲ್ಲಿ ಸಾಮಾನ್ಯವಾಗಿ 4ರಿಂದ 6. ಇಷ್ಟು ಕೂಡಿಬಂದರೆ ಕುಲದ ಹೆಸರನ್ನು ಧೈರ್ಯವಾಗಿ ಬರೆಯಿರಿ.

ಪ್ರಭೇದದ ಜಗಳ ತೀರುವುದು ದವಡೆ ಮತ್ತು ರೋಮಗಳಲ್ಲಿ. ಉದ್ದ ದವಡೆಯವು ಬಾಯಿ ಅಗಲಿಸಿ ಕಾದಿದ್ದು, ಸ್ಪ್ರಿಂಗ್‌ಟೇಲ್‌ನಂಥ ನೆಗೆಯುವ ಸಣ್ಣ ಜೀವಿ ತಾಗಿದೊಡನೆ ಫಟ್ಟನೆ ಮುಚ್ಚುತ್ತವೆ. ಗಿಡ್ಡ ದವಡೆಯವೂ ಉಂಟು. ತಲೆಯ ಉದ್ದಕ್ಕೆ ಹೋಲಿಸಿದರೆ ದವಡೆ ಎಷ್ಟು ಉದ್ದ, ತುದಿಯ ಹಲ್ಲುಗಳು ಹೇಗಿವೆ, ನಡುವೆ ಚಿಕ್ಕ ಹಲ್ಲುಗಳಿವೆಯೇ ಎಂಬುದನ್ನು ನೋಡಬೇಕು. ರೋಮಗಳು ಎಳೆಯಂತಿವೆಯೋ ಚಮಚದಂತೆ ತುದಿಯಲ್ಲಿ ಅಗಲವಾಗಿವೆಯೋ, ತಲೆಯ ಮೇಲೆ ಎಲ್ಲೆಲ್ಲಿ ಎಷ್ಟು ನಿಂತಿವೆ ಎಂಬುದೂ ಮುಖ್ಯ. ಒರಟು ಕುಂಚದಿಂದ ಉಜ್ಜಿ ಈ ರೋಮಗಳನ್ನೇ ಕಿತ್ತು ಕಳುಹಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮೈಗೆ ಮಣ್ಣು ಮೆತ್ತಿದ್ದರೆ ಆಲ್ಕೋಹಾಲ್‌ನಲ್ಲಿ ನೆನೆಸಿ, ಮೃದು ಕುಂಚದಿಂದ ತೆಗೆಯಿರಿ.

ಇರುವೆಯನ್ನು ಮಾದರಿಯಾಗಿ ಕಾಪಿಡಲು ತ್ರಿಕೋನ ಕಾಗದದ ತುದಿಗೆ ಅಂಟಿಸುವಾಗ ಗೋಂದು ಚೂರೇ ಚೂರು ಸಾಕು. ಹೆಚ್ಚಾದರೆ ನೋಡಬೇಕಾದ ಸೊಂಟವೇ ಮುಚ್ಚಿಹೋಗುತ್ತದೆ. ಕೊಳೆತ ಕಡ್ಡಿಯೊಳಗೆ ಗೂಡು ಸಿಕ್ಕರೆ ಕೆಲವು ಕೆಲಸಗಾರರನ್ನೂ ಗಂಡುಗಳಿದ್ದರೆ ಅವನ್ನೂ ಒಂದೇ ಸೀಸೆಗೆ ಹಾಕಿ, ಗೂಡನ್ನು ಬರಿದು ಮಾಡಬೇಡಿ. ಸ್ಥಳ, ದಿನಾಂಕ, ಹಿಡಿದ ವಿಧಾನ ಬರೆದ ಚೀಟಿ ಸೀಸೆಯ ಒಳಗೇ ಇರಲಿ. ಚೀಟಿಯಿಲ್ಲದ ಮಾದರಿಯನ್ನು ನಾನು ನೋಡುವುದಿಲ್ಲ.

ಪ್ರಶ್ನೆ: ಚಿಕ್ಕ ಇರುವೆಗಳು ದೊಡ್ಡ ಇರುವೆಗಳ ಮರಿಗಳಲ್ಲವೇ?

ಉತ್ತರ: ಅಲ್ಲ. ಕೋಶದಿಂದ ಹೊರಬಂದ ಇರುವೆ ಮತ್ತೆ ಬೆಳೆಯುವುದೇ ಇಲ್ಲ. ಫೀಡೋಲೆ ಎಂಬ ಕುಲದ ಇರುವೆ ಗೂಡಿನ ದಪ್ಪ ತಲೆಯವೂ ಸಣ್ಣವೂ ಅಕ್ಕತಂಗಿಯರು. ಈ ಮರಿಗಳ ಕಥೆಯನ್ನು ಮಕ್ಕಳಿಗೆ ಹೇಳಿಕೊಡುವುದನ್ನು ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ರೆಕ್ಕೆ ಇರುವುದು ಬೇರೆ ಪ್ರಭೇದವೇ?

ಉತ್ತರ: ಅದೇ ಗೂಡಿನ ಗಂಡು ಅಥವಾ ಹೊಸ ರಾಣಿ.

ಪ್ರಶ್ನೆ: ನನ್ನದು ಯಾವ ಚಿತ್ರಕ್ಕೂ ಹೊಂದುತ್ತಿಲ್ಲ. ಹೊಸ ಪ್ರಭೇದವೆಂದು ಮಗಳ ಹೆಸರಿಡಬಹುದೇ?

ಉತ್ತರ: ಸಂಗ್ರಹಾಲಯಗಳಲ್ಲಿರುವ ಟೈಪ್ ಮಾದರಿಗಳೊಂದಿಗೆ, ಅಂದರೆ ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿಟ್ಟ ಮಾದರಿಗಳೊಂದಿಗೆ, ಹೋಲಿಸಿ ನೋಡಿದ ಮೇಲೆ ಕೇಳಿ.