ಕೋಸ್ಟ್ ಗಾರ್ಡ್ ಪೈಲಟ್ ಮಹಾನಿರ್ದೇಶಕ ಹುದ್ದೆಯವರೆಗೂ ಏರಬಹುದೇ?

ಖಂಡಿತ ಏರಬಹುದು. 2021ರ ಕೊನೆಯಲ್ಲಿ ಮಹಾನಿರ್ದೇಶಕರಾದ ವಿ.ಎಸ್. ಪಠಾನಿಯಾ ಹೆಲಿಕಾಪ್ಟರ್ ಪೈಲಟ್. ಆದರೆ ಹಾರಾಟವೊಂದರಿಂದಲೇ ಅಲ್ಲಿಗೆ ತಲುಪಲಾಗದು, ಅವರು ಹಡಗುಗಳನ್ನೂ ಮುನ್ನಡೆಸಿದವರು.

ಶುರುವಾಗುವುದು ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಯಿಂದ. ಪದವಿ ಬೇಕು, ಜೊತೆಗೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಕಾಮರ್ಸ್ ಓದಿದವರು ಎಡವುವುದು ಇಲ್ಲೇ. ಮೊದಲು ಕೇರಳದ ಏಳಿಮಲದಲ್ಲಿ ನೌಕಾ ಅಕಾಡೆಮಿ, ಆಮೇಲೆ ಹಡಗಿನ ಮೇಲೆ ತರಬೇತಿ. ಪೈಲಟ್ ಆಗುವವರೂ ಸಮುದ್ರ ಕಲಿತೇ ಹಾರಬೇಕು. ಮೂಲ ಹಾರಾಟ ತರಬೇತಿಯ ನಂತರ ದಾರಿ ಕವಲೊಡೆಯುತ್ತದೆ: ಡಾರ್ನಿಯರ್ ವಿಮಾನಕ್ಕೆ ಕೊಚ್ಚಿಯ ನೌಕಾ ವಾಯುನೆಲೆ ಐಎನ್ಎಸ್ ಗರುಡ, ಹೆಲಿಕಾಪ್ಟರ್‌ಗೆ ತಮಿಳುನಾಡಿನ ಅರಕ್ಕೋಣಂನ ನೌಕಾ ವಾಯುನೆಲೆ ಐಎನ್ಎಸ್ ರಾಜಾಳಿ.

ಮುಂದಿನ ಮೆಟ್ಟಿಲುಗಳು ಡೆಪ್ಯುಟಿ ಕಮಾಂಡೆಂಟ್, ಕಮಾಂಡೆಂಟ್ (ಜೂನಿಯರ್ ಗ್ರೇಡ್), ಕಮಾಂಡೆಂಟ್, ಡಿಐಜಿ, ಐಜಿ, ಎಡಿಜಿ, ಕೊನೆಗೆ ಡಿಜಿ, ಅಂದರೆ ಮಹಾನಿರ್ದೇಶಕ. ಕಮಾಂಡೆಂಟ್ ಆದಮೇಲೆ ಸ್ಪರ್ಧೆ ಬಿಗಿ; ಡಿಐಜಿಯಿಂದ ಮೇಲೆ ಹುದ್ದೆಗಳೇ ಕಡಿಮೆ. ಹಡಗು ಅಥವಾ ಸ್ಕ್ವಾಡ್ರನ್ (ವಿಮಾನ ದಳ) ನಾಯಕತ್ವ, ತಮಿಳುನಾಡಿನ ವೆಲ್ಲಿಂಗ್ಟನ್‌ನಲ್ಲಿರುವ ಸೇನಾಧಿಕಾರಿಗಳ ಸ್ಟಾಫ್ ಕಾಲೇಜು, ಕೇಂದ್ರ ಕಚೇರಿಯ ಅನುಭವ ಅಲ್ಲಿ ತೂಕ ಪಡೆಯುತ್ತವೆ. ಹಾರಾಟದ ಗಂಟೆಗಳನ್ನಷ್ಟೇ ಕೂಡಿಸುತ್ತಾ ಹಡಗಿನ ಡೆಕ್ಕಿನಿಂದ ದೂರ ಉಳಿದರೆ ಹಿಂದೆ ಬೀಳುತ್ತೀರಿ.

ಈ ಕೆಲಸದ ಅಪಾಯ ನಿಜವಾದದ್ದು. ಬೆಂಗಳೂರಿನ ಎಚ್ಎಎಲ್ ತಯಾರಿಸಿದ ಧ್ರುವ್ ಹೆಲಿಕಾಪ್ಟರ್ 2025ರ ಜನವರಿ 5ರಂದು ಪೋರಬಂದರಿನಲ್ಲಿ ಬಿದ್ದು ಮೂವರು ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಮಂಗಳೂರಿನ ಪಣಂಬೂರಿನಲ್ಲಿ ಕೋಸ್ಟ್ ಗಾರ್ಡ್‌ನ ಕರ್ನಾಟಕ ಜಿಲ್ಲಾ ಕೇಂದ್ರವಿದೆ. ಆದರೆ ಅಧಿಕಾರಿಯನ್ನು ಗುಜರಾತಿನಿಂದ ಅಂಡಮಾನ್‌ವರೆಗೆ ಎಲ್ಲಿಗೆ ಬೇಕಾದರೂ ವರ್ಗ ಮಾಡುತ್ತಾರೆ. ಮನೆಯವರಿಗೂ ಇದನ್ನು ಮೊದಲೇ ಹೇಳಿಬಿಡಿ.